ಷರಾ

ಪೀಣ್ಯ ಎರಡನೇ ಹಂತ, ಹದಿನಾಲ್ಕನೇ ಅಡ್ಡರಸ್ತೆ.
ಎಡಕ್ಕೆ ಪೌಡರ್ ಕೋಟಿಂಗ್, ಬಲಕ್ಕೆ ಬೋಲ್ಟು ನಟ್ಟಿನ ಶೆಡ್ಡು,
ನಡುವೆ ನಮ್ಮದು,
ಗಾಳಿ ಸೋಸುವ ಕಾರ್ಖಾನೆ.
ಹೊರಗಿನಿಂದ ನೋಡಿದರೆ
ಛತ್ರದ ಕೂಲರುಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿಟ್ಟ ಹಾಗೆ.

ಹತ್ತು ಸಾವಿರ ಕಾಳು ಅಕ್ಕಿಯಲ್ಲಿ
ನಾಲ್ಕೇ ನಾಲ್ಕು ಕಲ್ಲು.
ಆರಿಸಬೇಕು. ಅಷ್ಟೇ ಕೆಲಸ.
ನಮ್ಮವ್ವ ಮೊರ ಹಿಡಿದು ಹೊಸಿಲ ಮೇಲೆ ಕೂತು
ಮಾತಾಡುತ್ತಲೇ ಆರಿಸಿ ಮುಗಿಸುತ್ತಿದ್ದಳು.
ಇಲ್ಲಿ ಮೊರಕ್ಕೆ ಮೂವತ್ತೆರಡು ಫ್ಯಾನು,
ಕಲ್ಲು ಅಂಟಲು ಒಂದು ಬಿಳಿ ಪುಡಿ,
ಅಂಟಿದ್ದು ಬಿಡಿಸಲು ಹಬೆ,
ಹಬೆಗೆ ನೀರು, ನೀರಿಗೆ ಪಿಳ್ಳಪ್ಪನ ಟ್ಯಾಂಕರು,
ಟ್ಯಾಂಕರಿಗೆ ಡೀಸೆಲ್ಲು,
ಡೀಸೆಲ್ಲಿನ ಹೊಗೆಯಲ್ಲಿ
ಮತ್ತೆ ಕಲ್ಲು.

ಪಿಳ್ಳಪ್ಪ ಹನ್ನೊಂದಕ್ಕೆ ಬರುತ್ತಾನೆ, ರಿವರ್ಸಿನಲ್ಲಿ,
ಬೀದಿನಾಯಿಗಳನ್ನು ಎಬ್ಬಿಸುತ್ತ.
ಹೆಸರಘಟ್ಟ ರಸ್ತೆಯ ಯಾರದೋ ಬೋರು,
ಸಾವಿರದ ಇನ್ನೂರು ಅಡಿ.
"ಅಕ್ಕಾ, ನೆಲದಿಂದ ಕಿತ್ತು ಗಾಳಿಗೆ ಕುಡಿಸ್ತೀರಲ್ಲ,
ಗಾಳಿಗೇನು ಬಾಯಾರ್ತದಾ?"
ನಾನು ರಸೀದಿಗೆ ಸೀಲು ಒತ್ತುತ್ತೇನೆ.

ಪುಡಿ ಹಳತಾದರೆ ಮೀನಂಗಡಿಯ ವಾಸನೆ.
ನೀಲಿ ಡ್ರಮ್ಮಿಗೆ ತುಂಬಿ, ಹಳದಿ ಚೀಟಿ ಅಂಟಿಸಿ
ಲಾರಿಗೆ ಹತ್ತಿಸುತ್ತೇವೆ.
ಎಲ್ಲಿಗೆ? ಚೀಟಿಯಲ್ಲಿ ಆ ಜಾಗ ಖಾಲಿ.
ನನ್ನ ಸೀರೆಗೂ ಹತ್ತಿದೆ ಅದು.
ಬಸ್ಸಿನಲ್ಲಿ ಪಕ್ಕದ ಸೀಟು ಬೇಗ ತೆರವಾಗುತ್ತದೆ,
ಅದೊಂದು ಲಾಭ.

ಹಿಡಿದ ಅನಿಲ ಸಿಲಿಂಡರಿನಲ್ಲಿ ಸೋಡಾ ಫ್ಯಾಕ್ಟರಿಗೆ.
ಕಲ್ಲಾಗಿಸಿ ಪಾತಾಳದಲ್ಲಿ ಹೂಳುವ ಯೋಜನೆ
ಆಫೀಸಿನ ಗೋಡೆಯ ಮೇಲಿದೆ, ಬಣ್ಣದ ಚಿತ್ರದಲ್ಲಿ.
ಸದ್ಯಕ್ಕೆ, ಜಾಲಹಳ್ಳಿ ಕ್ರಾಸಿನ ಬಿರಿಯಾನಿ ಹೋಟೆಲಿನಲ್ಲಿ
ಯಾರೋ ಉಂಡು, ಗಟಗಟ ಸೋಡಾ ಕುಡಿದು,
ಕಣ್ಣು ಮುಚ್ಚಿ ತೇಗಿದಾಗ
ನಮ್ಮ ಮೂರನೇ ಶಿಫ್ಟು
ಮತ್ತೆ ಆಕಾಶಕ್ಕೆ.

ನಗಬೇಡಿ. ಯಂತ್ರ ಸುಳ್ಳು ಹೇಳುವುದಿಲ್ಲ.
ಒಳಹೋದ ಗಾಳಿಯಲ್ಲಿ ನಾಲ್ಕು ಕಲ್ಲು,
ಹೊರಬಂದದ್ದರಲ್ಲಿ ಎರಡು.
ಆ ಅಂಕಿ ಇಳಿಯುವಾಗ ನನಗೆ ಈಗಲೂ
ಹಾಲು ಉಕ್ಕುವ ಮೊದಲೇ ಒಲೆ ಆರಿಸಿದಷ್ಟು
ಸಮಾಧಾನ.

ಆಮೇಲೆ ಆ ಮಂಗಳವಾರ.
ಎರಡೂ ನಲವತ್ತಕ್ಕೆ ಕರೆಂಟು ಹೋಯಿತು.
ಹಿತ್ತಲಿನ ಜನರೇಟರು ಕೆಮ್ಮಿ, ಕ್ಯಾಕರಿಸಿ, ಹಿಡಿದುಕೊಂಡಿತು.
ಫ್ಯಾನು ತಿರುಗಿದವು.
ಗಾಳಿ ದಿಕ್ಕು ಬದಲಿಸಿತ್ತು.
ಹಿಡಿದ ಲೆಕ್ಕದ ಮುಳ್ಳು ಏರಿತು, ಏರಿತು,
ಎಂದೂ ಕಾಣದ ಎತ್ತರಕ್ಕೆ.
ಎರಡು ಗಂಟೆ ಹೊತ್ತು
ನಮ್ಮ ಮೂಗು ನಮ್ಮದೇ ಹೊಗೆಯನ್ನು
ಆಸೆಪಟ್ಟು ಕುಡಿಯಿತು.

ಬೆಳಿಗ್ಗೆ ಕಾಮತರು ಪೇಡ ತಂದರು.
ದಾಖಲೆ ಕಣ್ರೀ, ದಾಖಲೆ!
ಬೋರ್ಡಿನ ಮೇಲೆ ಹಸಿರು ಸೀಮೆಸುಣ್ಣದಲ್ಲಿ
ಅಂಕಿ ಬರೆದು ಸುತ್ತ ಬಳ್ಳಿ ಬಿಡಿಸಿದರು.
ಗೇಟಿನ ಹೊಂಗೆಮರದ ಎಲೆಯ ಮೇಲೆ ಮಸಿ,
ಬೆರಳಿಟ್ಟರೆ ಬೆರಳಿಗೆ.

ಪೇಡ ಬಾಯಲ್ಲಿರುವಾಗಲೇ ಲಾಗ್ ಪುಸ್ತಕ ತೆರೆದೆ.
ವೇಳೆಗೆ ಒಂದು ಕಲಂ, ಒತ್ತಡಕ್ಕೆ, ಶಾಖಕ್ಕೆ,
ಹಿಡಿದ ಕೆಜಿಗೆ ಎರಡು.
ಬಿಟ್ಟ ಕೆಜಿಗೆ ಒಂದೂ ಇಲ್ಲ.
ಕೊನೆಯಲ್ಲಿ, ಹೊಲಿಗೆಗೆ ತಾಗಿ,
ಎರಡು ಬೆರಳಗಲ: ಷರಾ.
ನಾಲ್ಕು ವರ್ಷದಲ್ಲಿ ಅಲ್ಲಿ ನಾನು ಬರೆದದ್ದು
ಇಲ್ಲ, ಇಲ್ಲ, ಇಲ್ಲ,
ಒಮ್ಮೆ ಇಲಿ.

ಅಕ್ಷರ ಚಿಕ್ಕದು ಮಾಡಿದೆ.
ಗಾಳಿ ಜನರೇಟರ್ ಕಡೆಯಿಂದ.
ಡೀಸೆಲ್ ಅರವತ್ತೆಂಟು ಲೀಟರ್.
ನೀರು ಎರಡು ಲೋಡು.
ಸಹಿಗೆ ಜಾಗ ಸಾಲಲಿಲ್ಲ.
ಪುಟ್ಟ ಈ ಪುಟದಲ್ಲಿ ಉಳಿದಳು,
ಲಿಂಗಮ್ಮ ಹೊಲಿಗೆ ದಾಟಿ
ನಾಳೆಯ ತಾರೀಖಿನಲ್ಲಿ.